ರಿಜಿಸ್ಟರಿನ ಆರೋಗ್ಯ, ಊರಿನ ಆರೋಗ್ಯ

(ಮಿಲ್ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ, ತೆರಿಗೆ ಇವುಗಳ ಬಗ್ಗೆ ಮಾತನಾಡಲು ನಾವು ಎಷ್ಟೋ ಸಲ ಸೇರಿದ್ದೇವೆ. ಇಂದು ಊರಿನ ಆರೋಗ್ಯ ಇಲಾಖೆಯ ಕೆಲಸ ಸುಧಾರಿಸುವುದು ಹೇಗೆ ಎಂಬ ವಿಷಯ ಇಟ್ಟುಕೊಂಡಿದ್ದೇವೆ. ಇದು ಡಾಕ್ಟರುಗಳ ಸಭೆಗೆ ಸೇರಿದ್ದು, ನಮಗೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ. ಹಣವಿದ್ದವನು ಕೆಟ್ಟ ನಲ್ಲಿಯಿಂದ ಕ್ಯಾನಿನ ನೀರಿಗೆ ಓಡುತ್ತಾನೆ, ಕೆಟ್ಟ ಆಸ್ಪತ್ರೆಯಿಂದ ನರ್ಸಿಂಗ್ ಹೋಮಿಗೆ ಓಡುತ್ತಾನೆ. ಓಡಲು ದಾರಿಯಿಲ್ಲದವರು ನಾವು. ಪಾಳಿ ಮುಗಿಸಿ ಬಂದು ನಲ್ಲಿಯ ನೀರನ್ನೇ ಕುಡಿಯಬೇಕು, ಮನೆಯವರ ಹೆರಿಗೆಯನ್ನು ಸರಕಾರಿ ಆಸ್ಪತ್ರೆಯಲ್ಲೇ ಮಾಡಿಸಬೇಕು. ಒಂದು ವಾಂತಿಭೇದಿ ಬಂತೆಂದರೆ ಮಿಲ್ಲಿನವರಿಗೆ ನಾಲ್ಕು ದಿನದ ಕೂಲಿ ಹೋಯಿತು, ಚಿಲ್ಲರೆ ಅಂಗಡಿಯವರಿಗೆ ನಾಲ್ಕು ದಿನ ಬಾಗಿಲು ಮುಚ್ಚಿತು. ಆದ್ದರಿಂದ ಈ ಇಲಾಖೆ ನಮ್ಮದು. ಅದರ ಕೆಲಸ ನೆಟ್ಟಗೆ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುವ ಹಕ್ಕೂ ನಮ್ಮದು.

‘ಗುಣಮಟ್ಟ’ ಎಂಬ ಮಾತನ್ನು ಅಧಿಕಾರಿಗಳು ಆಡಿ ಆಡಿ ಸವೆಸಿದ್ದಾರೆ. ಮೇಲಿನವರು ತಪಾಸಣೆಗೆ ಬರುತ್ತಾರೆಂದು ತಿಳಿದ ದಿನ ಗೋಡೆಗೆ ಸುಣ್ಣ ಬೀಳುತ್ತದೆ, ಹಾಸಿಗೆಗೆ ಹೊಸ ಚಾದರ ಬರುತ್ತದೆ, ರಿಜಿಸ್ಟರಿನ ಖಾಲಿ ಮನೆಗಳೆಲ್ಲ ಒಂದೇ ರಾತ್ರಿಯಲ್ಲಿ ತುಂಬುತ್ತವೆ. ಮೋಟಾರು ಹೋದ ಮರುದಿನ ಚಾದರ ಮತ್ತೆ ಬೀರು ಸೇರುತ್ತದೆ. ಕೇಂದ್ರ ಸರಕಾರ 2013ರಲ್ಲಿ ಸರಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟದ ಮಾನದಂಡಗಳನ್ನು ತಂದಿತು. 2015ರಲ್ಲಿ ಸ್ವಚ್ಛವಾಗಿರುವ ಆಸ್ಪತ್ರೆಗಳಿಗೆ ಕಾಯಕಲ್ಪ ಎಂಬ ಬಹುಮಾನವನ್ನೂ ಆರಂಭಿಸಿತು. ಇವನ್ನು ನಾವು ಹಳಿಯುವುದಿಲ್ಲ. ಅಳತೆಗೋಲು ಇಲ್ಲದಿರುವುದಕ್ಕಿಂತ ಇರುವುದು ಮೇಲು. ಆದರೆ ಬಹುಮಾನಕ್ಕಾಗಿ ಒಂದು ದಿನ ಗುಡಿಸುವುದು ಬೇರೆ, ನಿನ್ನೆ ಎಲ್ಲಿ ಕೆಟ್ಟಿತೆಂದು ಹುಡುಕಿ ಇಂದು ಅದನ್ನು ಒಂದಿಷ್ಟು ಸರಿಪಡಿಸುವ ದಿನದಿನದ ರೂಢಿ ಬೇರೆ. ಎರಡನೆಯದು ಹೇಗೆ ಬರುತ್ತದೆ, ಯಾವುದು ಅದನ್ನು ಬರಗೊಡುವುದಿಲ್ಲ ಎಂಬುದೇ ಇಂದಿನ ಮಾತು.

ಮಿಲ್ಲಿನಿಂದಲೇ ಆರಂಭಿಸೋಣ. ನೂಲುವ ಖಾತೆಯಲ್ಲಿ ಎಳೆ ಹೆಚ್ಚು ಹೆಚ್ಚು ಕಡಿಯತೊಡಗಿದರೆ ಅದು ಮೊದಲು ಯಾರಿಗೆ ಗೊತ್ತಾಗುತ್ತದೆ? ಮ್ಯಾನೇಜರಿಗಲ್ಲ. ಫ್ರೇಮಿನ ಮುಂದೆ ನಿಂತು ಎಳೆ ಕೂಡಿಸುವ ಸೈಡರಿಗೆ. ಹತ್ತಿಯೇ ಕೆಟ್ಟದ್ದು ಬಂದಿದೆಯೋ, ಖಾತೆಯ ಹವೆ ಒಣಗಿದೆಯೋ, ರೋಲರು ಸವೆದಿದೆಯೋ, ಅವನ ಬೆರಳೇ ಅವನಿಗೆ ಹೇಳುತ್ತದೆ. ಅದನ್ನು ಜಾಬರಿಗೆ ಹೇಳಿದರೆ ಕೇಳುವವರಿದ್ದಾರೆ ಎಂದಾದರೆ ಅವನು ಹೇಳುತ್ತಾನೆ. ಹೇಳಿದ್ದಕ್ಕೆ ನಿನ್ನದೇ ತಪ್ಪೆಂದು ದಂಡ ಬೀಳುತ್ತದೆ ಎಂದಾದರೆ ಬಾಯಿ ಮುಚ್ಚಿಕೊಂಡು ಪಾಳಿ ಕಳೆಯುತ್ತಾನೆ. ಕೆಟ್ಟ ನೂಲು ನೇಯುವ ಖಾತೆಗೆ ಹೋಗುತ್ತದೆ, ಅಲ್ಲಿಂದ ಕೆಟ್ಟ ಬಟ್ಟೆ ಫೋಲ್ಡಿಂಗಿಗೆ ಬರುತ್ತದೆ, ಅಲ್ಲಿ ಕಣ್ಣಿಗೆ ಬಿದ್ದಾಗ ನೇಕಾರನ ಕೂಲಿ ಮುರಿಯುತ್ತಾರೆ. ತಪ್ಪು ಒಂದು ಕಡೆ, ಶಿಕ್ಷೆ ಇನ್ನೊಂದು ಕಡೆ. ಇದು ನಿಮಗೆ ನಾವು ಹೇಳಿಕೊಡಬೇಕಾದ ಪಾಠವಲ್ಲ.

ಈ ಮಾತನ್ನೇ ಶಾಸ್ತ್ರವಾಗಿ ಮಾಡಿದವರು ಅಮೆರಿಕದ ವಾಲ್ಟರ್ ಶೂಹಾರ್ಟ್. ಟೆಲಿಫೋನ್ ಸಲಕರಣೆ ಮಾಡುತ್ತಿದ್ದ ವೆಸ್ಟರ್ನ್ ಇಲೆಕ್ಟ್ರಿಕ್ ಕಂಪೆನಿಯಲ್ಲಿ ಅವರು 1924ರಲ್ಲಿ ಒಂದು ಸರಳವಾದ ನಕ್ಷೆ ಹಾಕಿ ತೋರಿಸಿದರು. ಮಾಲು ತಯಾರಾದ ಮೇಲೆ ಕೆಟ್ಟದ್ದನ್ನು ಆರಿಸಿ ಎಸೆಯುವುದು ದಂಡದ ಕೆಲಸ. ತಯಾರಾಗುತ್ತಿರುವಾಗಲೇ ಅಳೆಯುತ್ತ ಹೋದರೆ ಎಂದಿನ ಸಣ್ಣ ಏರಿಳಿತ ಯಾವುದು, ನಿಜವಾಗಿ ಏನೋ ಕೆಟ್ಟಿರುವುದರ ಗುರುತು ಯಾವುದು ಎಂದು ತಿಳಿಯುತ್ತದೆ. ಎಂದಿನ ಏರಿಳಿತಕ್ಕೆ ಕೆಲಸಗಾರನನ್ನು ಬಯ್ದು ಪ್ರಯೋಜನವಿಲ್ಲ. ಅದು ಯಂತ್ರದ, ಸರಕಿನ, ಪದ್ಧತಿಯ ದೋಷ, ಅಂದರೆ ಆಡಳಿತದ ಹೊಣೆ. ಮಹಲನೋಬಿಸರ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ನಮ್ಮ ದೇಶಕ್ಕೂ ಬಂದುಹೋದರು. ಅವರ ದಾರಿಯಲ್ಲೇ ನಡೆದ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಇದನ್ನು ಕಲಿಸಿದರು. ಒಂದು ಸಣ್ಣ ಬದಲಾವಣೆ ಯೋಚಿಸು, ಒಂದು ಕಡೆ ಮಾಡಿ ನೋಡು, ಏನಾಯಿತೆಂದು ಅಳೆ, ಅಳತೆ ಹೇಳಿದಂತೆ ಮುಂದಿನ ಹೆಜ್ಜೆ ಇಡು, ಮತ್ತೆ ಮೊದಲಿನಿಂದ ಆರಂಭಿಸು. ಇಡೀ ಶಾಸ್ತ್ರ ಇಷ್ಟೇ. ಅಡಿಗೆಮನೆಯಲ್ಲಿ ನಮ್ಮ ತಾಯಂದಿರು ಮಾಡುವುದೂ ಇದನ್ನೇ, ಆದರೆ ಅವರು ಬರೆದಿಡುವುದಿಲ್ಲ.

ಮಿಲ್ಲಿನಲ್ಲಿ ‘ಗುಣಮಟ್ಟ’ ಎಂದೊಡನೆ ಕೆಲಸದ ಹೊರೆ ಏರಿಸುವ ಹುನ್ನಾರವೆಂದು ಅನುಮಾನಿಸುವುದು ನಮ್ಮ ರೂಢಿ. ಆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಆದರೆ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿನಲ್ಲಿ ನಡೆದದ್ದನ್ನು ನಾವು ತಿಳಿದಿರಬೇಕು. ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ತಂದ ಮೇಲೂ ಬಟ್ಟೆ ಕೆಡುತ್ತಿತ್ತು. ಒಂದೊಂದು ಚೂರು ಕೆಲಸಕ್ಕೆ ಒಬ್ಬೊಬ್ಬರಂತೆ ಹಂಚಿದ್ದರಿಂದ ಯಾವ ಮಗ್ಗಕ್ಕೂ ಯಾರೂ ಹೊಣೆಯಲ್ಲ. ಲಂಡನ್ನಿನಿಂದ ಬಂದ ರೈಸ್ ಎಂಬ ಸಂಶೋಧಕರು ಕೆಲಸಗಾರರ ಒಂದೊಂದು ಸಣ್ಣ ತಂಡಕ್ಕೆ ಇಷ್ಟಿಷ್ಟು ಮಗ್ಗಗಳನ್ನು ಒಟ್ಟಾಗಿ ಒಪ್ಪಿಸಿದರೆ ಹೇಗೆ ಎಂದು ಕೇಳಿದರು. ತಂಡಗಳನ್ನು ಕಟ್ಟಿಕೊಂಡವರು ಕೆಲಸಗಾರರೇ. ಬಟ್ಟೆ ಹೆಚ್ಚು ಬಂತು, ಕೆಟ್ಟ ಬಟ್ಟೆ ಕಡಿಮೆಯಾಯಿತು. ಇಷ್ಟು ಹೇಳಿ ನಿಲ್ಲಿಸಿದರೆ ಮಾಲೀಕರ ಪತ್ರಿಕೆಯವರ ಮಾತಾಗುತ್ತದೆ. 1975ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿ, ಆಡಳಿತದ ಒತ್ತಡ ಬಿದ್ದ ಕಡೆಗಳಲ್ಲಿ ಹಳೆಯ ಪದ್ಧತಿಯೇ ಮರಳಿ ಬಂದಿತ್ತು ಎಂದು ಕಂಡಿತು. ಮೇಲಿನವರು ಕೈಬಿಟ್ಟರೆ ಕೆಳಗಿನವರ ಉತ್ಸಾಹ ಎಷ್ಟು ದಿನ ನಿಂತೀತು?

ಈಗ ಆರೋಗ್ಯದ ವಿಷಯಕ್ಕೆ ಬರೋಣ. ಇದೇ ಪಾಠವನ್ನು ನಮ್ಮ ದೇಶದ ಆರೋಗ್ಯ ಇಲಾಖೆ ಒಮ್ಮೆ ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. ಅದು ಸಿಡುಬಿನ ಕಥೆ. ಇಲ್ಲಿರುವ ಹಿರಿಯರ ತೋಳಿನ ಮೇಲೆ ದಾಕು ಹಾಕಿದ ಕಲೆ ಇನ್ನೂ ಇದೆ. ಬೆಳಗಾವಿಯ ವ್ಯಾಕ್ಸಿನ್ ಸಂಸ್ಥೆಯೂ ಆ ಲಸಿಕೆ ತಯಾರಿಸಿದ ಜಾಗಗಳಲ್ಲಿ ಒಂದು. ಮೊದಲಿನ ಹಸಿ ಲಸಿಕೆ ಬಿಸಿಲಿಗೆ ಬೇಗ ಕೆಡುತ್ತಿತ್ತು. ದಾಕು ಹಾಕುವವನು ಹಳ್ಳಿ ಮುಟ್ಟುವ ಹೊತ್ತಿಗೆ ಶೀಸೆಯಲ್ಲಿ ಏನು ಉಳಿದಿದೆಯೆಂದು ಯಾರಿಗೂ ತಿಳಿಯದು. ರಿಜಿಸ್ಟರಿನಲ್ಲಿ ಮಾತ್ರ ಇಷ್ಟು ಸಾವಿರ ಮಂದಿಗೆ ಹಾಕಲಾಗಿದೆ ಎಂದು ಬರೆಯುತ್ತಿದ್ದರು. ಹಾಕಿದ್ದನ್ನು ಎಣಿಸುತ್ತಿದ್ದರೇ ಹೊರತು ಹಿಡಿದದ್ದನ್ನು ಎಣಿಸುತ್ತಿರಲಿಲ್ಲ. ಒಣಗಿಸಿದ ಲಸಿಕೆ, ಕವಲು ತುದಿಯ ಸೂಜಿ ಇವು ಬಂದ ಮೇಲೆ ಲಸಿಕೆಯ ಕಷ್ಟ ಬಹುಮಟ್ಟಿಗೆ ತೀರಿತು. ಆದರೂ ರೋಗ ಹೋಗಲಿಲ್ಲ. ಏಕೆಂದರೆ ರೋಗ ಎಲ್ಲಿದೆ ಎಂಬುದೇ ಇಲಾಖೆಗೆ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಗೊತ್ತಾಗುವುದು ಇಲಾಖೆಗೆ ಬೇಕಿರಲಿಲ್ಲ ಎನ್ನಬೇಕು. ತನ್ನ ಹಳ್ಳಿಯಲ್ಲಿ ಸಿಡುಬು ಎದ್ದಿದೆಯೆಂದು ವರದಿ ಕೊಟ್ಟ ಕೆಳಗಿನ ನೌಕರನಿಗೆ ಮೊದಲು ಬರುತ್ತಿದ್ದದ್ದು ಸಹಾಯವಲ್ಲ, ಮೆಮೋ. ನಿನ್ನ ಹಳ್ಳಿಯಲ್ಲಿ ಎಲ್ಲರಿಗೂ ದಾಕು ಹಾಕಿದ್ದೇನೆಂದು ಬರೆದಿದ್ದೆಯಲ್ಲ, ರೋಗ ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ರೋಗವನ್ನೇ ಬರೆಯದಿರುವುದು ಸುಲಭ. ಹಳ್ಳಿಯವನು ಮುಚ್ಚಿಟ್ಟ, ತಾಲೂಕಿನವನು ಕಡಿಮೆ ಮಾಡಿದ, ಜಿಲ್ಲೆಯವನು ಇನ್ನಷ್ಟು ಕಡಿಮೆ ಮಾಡಿದ. ರಾಜಧಾನಿಯ ಮೇಜಿನ ಮೇಲೆ ಬಂದ ಕಾಗದದಲ್ಲಿ ಎಲ್ಲ ಕ್ಷೇಮ.

1973ರ ಶರತ್ಕಾಲದಲ್ಲಿ ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ಪಶ್ಚಿಮ ಬಂಗಾಳಗಳಲ್ಲಿ ಒಂದು ಹೊಸ ಪ್ರಯತ್ನ ಮಾಡಿದರು. ವರದಿ ಬರಲೆಂದು ಕಾಯುವ ಬದಲು ಆರೋಗ್ಯ ಇಲಾಖೆಯ ಕೆಲಸಗಾರರೆಲ್ಲ ಕೆಲವು ದಿನ ಬೇರೆ ಕೆಲಸ ನಿಲ್ಲಿಸಿ ಹಳ್ಳಿಹಳ್ಳಿಗೆ ನಡೆದರು. ಕೈಯಲ್ಲಿ ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು. ಶಾಲೆಯ ಮಕ್ಕಳನ್ನು, ಸಂತೆಗೆ ಬಂದವರನ್ನು, ಚಹದಂಗಡಿಯಲ್ಲಿ ಕುಳಿತವರನ್ನು ಕೇಳಿದರು: ಇಂಥ ರೋಗ ಕಂಡಿದ್ದೀರಾ? ಅಲ್ಲಿಯ ತನಕ ವಾರಕ್ಕೆ ಕೆಲವು ನೂರು ಪ್ರಕರಣಗಳ ವರದಿ ಬರುತ್ತಿದ್ದ ಕಡೆ, ಉತ್ತರ ಪ್ರದೇಶ ಮತ್ತು ಬಿಹಾರಗಳಲ್ಲಿ ಮೊದಲ ಹುಡುಕಾಟದಲ್ಲೇ ಸುಮಾರು 10,000 ಪ್ರಕರಣಗಳು ಸಿಕ್ಕವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನೀವು ಆ ರಾಜ್ಯದ ಮಂತ್ರಿಯೆಂದು ತಿಳಿಯಿರಿ. ಹೊಸ ಪದ್ಧತಿ ತಂದಿರಿ, ಮರುದಿನವೇ ರೋಗದ ಅಂಕಿ ಹತ್ತಾರು ಪಟ್ಟು ಏರಿತು. ಪತ್ರಿಕೆಗಳು ಬರೆಯುತ್ತವೆ, ವಿಧಾನಸಭೆಯಲ್ಲಿ ವಿರೋಧಿಗಳು ಕೂಗುತ್ತಾರೆ. (ನಾವೂ ವಿರೋಧಿಗಳೇ, ನಾವೂ ಕೂಗುತ್ತಿದ್ದೆವು.) ಆಗ ಯಾವನಾದರೂ ಮಾಡುವ ಮೊದಲ ಕೆಲಸ ಹಳೆಯ ಪದ್ಧತಿಗೆ ಮರಳುವುದು. ಬಿಹಾರದಲ್ಲಿ 1974ರ ಬೇಸಿಗೆಯಲ್ಲಿ ಹಾಗೆಯೇ ಆಗುವುದರಲ್ಲಿತ್ತು. ಹುಡುಕಾಟ ಬಿಡಿ, ಎಲ್ಲರಿಗೂ ಮತ್ತೊಮ್ಮೆ ದಾಕು ಹಾಕಿ ಎಂದು ಮಂತ್ರಿಗಳು ಹೊರಟಿದ್ದರಂತೆ. ಆ ಸಭೆಯಲ್ಲಿ ಒಬ್ಬ ಭಾರತೀಯ ವೈದ್ಯರು ಎದ್ದು ನಿಂತು, ನಮ್ಮ ಹಳ್ಳಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಊರಿನ ಎಲ್ಲ ಮನೆಗಳ ಮೇಲೂ ನೀರು ಸುರಿಯುತ್ತ ಕೂರುವುದಿಲ್ಲ, ಉರಿಯುವ ಮನೆಗೆ ಸುರಿಯುತ್ತಾರೆ ಎಂಬರ್ಥದ ಮಾತು ಹೇಳಿದರೆಂದು ಅಲ್ಲಿದ್ದ ವಿಲಿಯಂ ಫೇಗಿ ಬರೆದಿದ್ದಾರೆ. ಮಂತ್ರಿಗಳು ಇನ್ನೊಂದು ತಿಂಗಳ ಅವಕಾಶ ಕೊಟ್ಟರು. ಆ ವರ್ಷ ದೇಶದಲ್ಲಿ ವರದಿಯಾದ ಸಿಡುಬಿನ ಪ್ರಕರಣಗಳು 1,88,000ಕ್ಕೂ ಹೆಚ್ಚು. ಮರುವರ್ಷ, 1975ರ ಮೇ ತಿಂಗಳಲ್ಲಿ, ಕೊನೆಯ ರೋಗಿ. 1977ರಲ್ಲಿ ದೇಶ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ದೃಢಪಡಿಸಿತು.

ನಡುವಿನ ಒಂದು ವರ್ಷದಲ್ಲಿ ಏನು ಮಾಡಿದರೆಂಬುದು ನಮಗೆ ಮುಖ್ಯ. ರೋಗ ತೋರಿಸಿಕೊಟ್ಟವನಿಗೆ ಮೆಮೋ ಬದಲು ಇನಾಮು ಕೊಟ್ಟರು. 1975ರ ಹೊತ್ತಿಗೆ ಅದು 1,000 ರೂಪಾಯಿಗೆ ಏರಿತ್ತು. ಹುಡುಕಿದ್ದೇನೆಂದು ಬರೆದವನ ಮಾತನ್ನು ಹಾಗೆಯೇ ನಂಬದೆ, ಬೇರೆಯವರು ಕೆಲವು ಹಳ್ಳಿಗಳಿಗೆ ಮತ್ತೆ ಹೋಗಿ ‘ಇಲ್ಲಿಗೆ ಚಿತ್ರದ ಕಾರ್ಡು ಹಿಡಿದವರು ಬಂದಿದ್ದರೇ’ ಎಂದು ವಿಚಾರಿಸಿದರು. ಸಿಡುಬಿನ ಮನೆಯ ಬಾಗಿಲಲ್ಲಿ ಹಗಲಿರುಳು ಕಾವಲು ಕೂರಿಸಿದರು. ತಿಂಗಳಿಗೊಮ್ಮೆ ಎಲ್ಲರೂ ಒಂದೆಡೆ ಸೇರಿ, ಈ ತಿಂಗಳು ಯಾವುದು ಫಲ ಕೊಡಲಿಲ್ಲ ಎಂದು ಮಾತನಾಡಿ, ಮುಂದಿನ ತಿಂಗಳ ಹುಡುಕಾಟದ ಕ್ರಮವನ್ನೇ ಬದಲಾಯಿಸಿದರು. ಹಳ್ಳಿಯ ಮುಖಂಡನನ್ನು ಕೇಳಿದರೆ ಸಾಲದೆಂದು ಕಂಡಾಗ ಮನೆಮನೆಗೆ ಹೋದರು. ಶೂಹಾರ್ಟ್ ಮತ್ತು ಡೆಮಿಂಗರ ಶಾಸ್ತ್ರ ಓದದ ಲಕ್ಷಗಟ್ಟಲೆ ನೌಕರರು ಆ ಶಾಸ್ತ್ರವನ್ನು ಕಾಲಿನಲ್ಲಿ ನಡೆದು ತೋರಿಸಿದರು.

ಕೈಗಾರಿಕೆಯ ಊರುಗಳಿಗೆ ಇದರಲ್ಲಿ ಬೇರೆಯೇ ಒಂದು ಎಚ್ಚರಿಕೆಯಿದೆ. 1974ರಲ್ಲಿ ದೇಶದ ಹಲವು ಕಡೆ ದಿಢೀರನೆ ಎದ್ದ ಸಿಡುಬಿನ ಜಾಡು ಹಿಡಿದು ಹೋದಾಗ ಅದು ಉಕ್ಕಿನ ಊರಾದ ಜಮ್‌ಶೆಡ್‌ಪುರಕ್ಕೆ, ಅಲ್ಲಿನ ಟಾಟಾನಗರ ರೈಲು ನಿಲ್ದಾಣಕ್ಕೆ ಮುಟ್ಟಿತು. ಕೆಲಸ ಹುಡುಕಿ ಬಂದು ಜೋಪಡಿಗಳಲ್ಲಿ ತುಂಬಿಕೊಂಡಿದ್ದ ಬಡವರು ರೋಗ ಬಂದಾಗ ರೈಲು ಹತ್ತಿ ತಮ್ಮ ಊರಿಗೆ ಹೊರಟಿದ್ದರು. ಪಟ್ಟಣದಲ್ಲಿ ಹೆಸರಾದ ಆಸ್ಪತ್ರೆಯಿತ್ತು. ಜೋಪಡಿಗಳ ಲೆಕ್ಕ ಯಾರ ರಿಜಿಸ್ಟರಿನಲ್ಲೂ ಸರಿಯಾಗಿರಲಿಲ್ಲ.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಕೊನೆಕೊನೆಗೆ ಕೆಲವು ಕಡೆ ರಾತ್ರಿ ಮನೆಗೆ ನುಗ್ಗಿ, ಬಾಗಿಲು ಮುರಿದು, ಹಿಡಿದು ದಾಕು ಹಾಕಿದ್ದೂ ಉಂಟು. ಅದಕ್ಕೆ ಸಿಕ್ಕವರು ಹೆಚ್ಚಾಗಿ ಬಡವರು ಮತ್ತು ಆದಿವಾಸಿಗಳು. ರೋಗ ಹೋಯಿತೆಂಬ ಕಾರಣಕ್ಕೆ ಅದನ್ನು ನಾವು ಮರೆಯುವುದಿಲ್ಲ. ಹೆದರಿಕೆಯಿಂದ ಪಡೆದ ಕೆಲಸ ಒಂದು ಸಲಕ್ಕೆ ಆದೀತು. ಮುಂದಿನ ಸಲ ಆರೋಗ್ಯ ಇಲಾಖೆಯವರು ಬಂದರೆ ಜನ ಮಕ್ಕಳನ್ನು ಬಚ್ಚಿಡುತ್ತಾರೆ.

ಪೋಲಿಯೋ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇವೆ. ಹನಿ ಹಾಕಲು ಬಂದವರು ನಿಮ್ಮ ಮನೆಯ ಬಾಗಿಲಲ್ಲಿ ಸೀಮೆಸುಣ್ಣದಿಂದ ಬರೆದದ್ದನ್ನು ನೋಡಿರಬಹುದು. ಎಲ್ಲ ಮಕ್ಕಳಿಗೂ ಹಾಕಿದ ಮನೆಗೆ ‘ಪಿ’, ಮಗು ತಪ್ಪಿಹೋದ ಮನೆಗೆ ‘ಎಕ್ಸ್’. ಈ ಎಕ್ಸ್ ಎಂಬ ಗುರುತೇ ಇಡೀ ಕಾರ್ಯಕ್ರಮದ ಜೀವ. ಅದರ ಅರ್ಥ ‘ನಮ್ಮ ಕೆಲಸ ಇಲ್ಲಿ ಮುಗಿದಿಲ್ಲ’ ಎಂದು. ನೌಕರಳು ತನ್ನ ಕೈಯಿಂದಲೇ, ಬೀದಿಯವರೆಲ್ಲ ಕಾಣುವಂತೆ ಅದನ್ನು ಬರೆಯುತ್ತಾಳೆ, ಅದಕ್ಕಾಗಿ ಅವಳಿಗೆ ಶಿಕ್ಷೆಯಿಲ್ಲ, ಮರುದಿನಗಳಲ್ಲಿ ಅದೇ ಮನೆಗೆ ಮತ್ತೆ ಹೋಗುತ್ತಾರೆ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ಕೊನೆಯ ಕಾಡು ಪೋಲಿಯೋ ಪ್ರಕರಣ. 2014ರ ಮಾರ್ಚಿನಲ್ಲಿ ದೇಶಕ್ಕೆ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು.

ಹಾಗಾದರೆ ನಮ್ಮ ನಲ್ಲಿಯ ಮೇಲೆ ಎಕ್ಸ್ ಎಂದು ಬರೆಯುವವರು ಯಾರು?

2022ರ ಮೇ ಕೊನೆ, ಜೂನ್ ಮೊದಲಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕೆಟ್ಟ ನೀರು ಕುಡಿದು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಗತಿ. ಎರಡು ಕಡೆಯೂ ಅನಂತರ ಅಧಿಕಾರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ವಿಚಾರಣೆಗೆ ಆಜ್ಞೆಯಾಯಿತು. ಸತ್ತ ಮೇಲೆ ನಡೆಯುವುದು ಫೋಲ್ಡಿಂಗ್ ಖಾತೆಯ ತಪಾಸಣೆ. ನಮಗೆ ಬೇಕಾದ್ದು ನೂಲುವ ಖಾತೆಯ ತಪಾಸಣೆ.

ನೀರಿನ ವಿಷಯದಲ್ಲಿ ನೂಲುವ ಖಾತೆಯ ಅಳತೆ ಬಹಳ ಅಗ್ಗದ್ದು. ನೀರಿಗೆ ಬೆರೆಸಿದ ಕ್ಲೋರಿನ್ ಕೊಳೆಯನ್ನು ಕೊಲ್ಲುತ್ತ ಖರ್ಚಾಗುತ್ತದೆ. ಕೊನೆಯ ಮನೆಯ ನಲ್ಲಿಗೆ ಬಂದಾಗಲೂ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮು ಉಳಿದಿರಬೇಕೆಂದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಉಳಿದಿದ್ದರೆ ದಾರಿಯಲ್ಲಿ ಸೇರಿದ ಕೊಳೆಯನ್ನು ತಿಂದು ಇನ್ನೂ ಮಿಕ್ಕಿದೆ ಎಂದರ್ಥ. ಏನೂ ಉಳಿದಿಲ್ಲವಾದರೆ, ಒಂದೋ ಹಾಕಿದ್ದೇ ಸಾಲದು, ಇಲ್ಲವೇ ದಾರಿಯಲ್ಲಿ ಎಲ್ಲೋ ಚರಂಡಿ ಸೇರಿದೆ. ಒಂದು ಸಣ್ಣ ಪೆಟ್ಟಿಗೆಯಲ್ಲಿ ನೀರು ಹಿಡಿದು, ಮದ್ದು ಬೆರೆಸಿ, ಬಂದ ಬಣ್ಣವನ್ನು ಪಕ್ಕದ ಬಣ್ಣಕ್ಕೆ ಹೋಲಿಸಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಏಳನೆಯ ತರಗತಿ ಓದಿದ ಹುಡುಗಿ ಮಾಡಬಹುದಾದ ಕೆಲಸ.

ಅಳೆಯುವುದು ಸುಲಭ. ನಿಜ ಬರೆಯುವುದು ಕಷ್ಟ. ಯಾವ ಊರಿನದೇ ಆಗಲಿ, ನೀರಿನ ರಿಜಿಸ್ಟರು ತೆರೆದಾಗ ದಿನವೂ ಒಂದೇ ಅಂಕಿ, ಒಂದೇ ಶಾಯಿ, ಒಂದೇ ಕೈಬರಹ ಕಂಡರೆ ಅದನ್ನು ಕಟ್ಟಿಟ್ಟುಬಿಡಿ. ನಿಜವಾದ ಅಳತೆ ಏರಿಳಿಯುತ್ತದೆ. ಹೊಸ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲದಲ್ಲಿ, ಸೆಕೆಯಲ್ಲಿ, ತೇವದಲ್ಲಿ ಬಿದ್ದಿದ್ದರೆ ಅದು ವಾರವಾರಕ್ಕೆ ಸಾಯುತ್ತದೆ. ಟೆಂಡರಿನಲ್ಲಿ ಎಂಥ ಪುಡಿ ಬಂತು, ಎಷ್ಟು ದಿನ ಗೋದಾಮಿನಲ್ಲಿತ್ತು ಎಂಬುದು ನೀರು ಬಿಡುವ ನೀರುಗಂಟಿಗೆ ಗೊತ್ತು. ಯಾವ ವಾಲ್ವು ಸೋರುತ್ತದೆ, ಯಾವ ಪೈಪು ಚರಂಡಿಯೊಳಗಿಂದಲೇ ಹಾಯ್ದಿದೆ ಎಂಬುದೂ ಗೊತ್ತು. ಅವನು ಗುತ್ತಿಗೆಯ ಆಳು. ಕಂಟ್ರಾಕ್ಟುದಾರನ ವಿರುದ್ಧ ಬಾಯಿ ಬಿಟ್ಟರೆ ಮರುದಿನ ಕೆಲಸವಿಲ್ಲ. ಊರಿನ ಆರೋಗ್ಯದ ಕೀಲಿಕೈ ಹೀಗೆ ಬಾಯಿ ಕಟ್ಟಿದ ಮನುಷ್ಯನ ಸೊಂಟದಲ್ಲಿದೆ.

ಇನ್ನೊಂದು ವಿಷಯ. ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ದಿನ ಪೈಪು ಖಾಲಿ. ಖಾಲಿ ಪೈಪು ಸುತ್ತಲಿನ ಕೊಳೆನೀರನ್ನು ಬಿರುಕಿನಿಂದ ಒಳಗೆಳೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರುವ ವ್ಯವಸ್ಥೆಯಾದ ಮೇಲೆ ಸಂಶೋಧಕರು ಎರಡೂ ಬಗೆಯ ವಾರ್ಡುಗಳ ನಲ್ಲಿ ನೀರನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಸುಮಾರು ಮೂರು ಮಾದರಿಗೆ ಒಂದರಲ್ಲಿ ಮಲದ ಸೋಂಕಿನ ಗುರುತು ಕಂಡಿತು. ಸದಾ ಬರುವ ನೀರಿನಲ್ಲಿ ನೂರಕ್ಕೆ ಒಂದೂ ಇರಲಿಲ್ಲ. ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ಬರುವ ನೀರೇ ಹೆಚ್ಚು ಕೊಳೆಯೆಂದೂ ತಿಳಿಯಿತು. ಮೊದಲ ಕೊಡವನ್ನು ಪಾತ್ರೆ ತೊಳೆಯಲು ಇಡುವ ನಮ್ಮ ಹೆಣ್ಣುಮಕ್ಕಳ ಪದ್ಧತಿಗೆ ಆಧಾರವಿದೆ ಎಂದಾಯಿತು. ಆ ಯೋಜನೆಯನ್ನು ನಡೆಸಲು ಖಾಸಗಿ ಕಂಪೆನಿಗೆ ಕೊಟ್ಟದ್ದನ್ನು ನಾವು ಒಪ್ಪುವುದಿಲ್ಲ, ಆ ಜಗಳ ಬೇರೆ. ಆದರೆ ಅಳತೆ ಅಳತೆಯೇ. ನಮಗೆ ಇಷ್ಟವಿಲ್ಲದ ಕಡೆಯಿಂದ ಬಂದರೂ ಅದನ್ನು ಒಪ್ಪಬೇಕು.

ಹೆರಿಗೆಯ ವಿಷಯಕ್ಕೂ ಇದೇ ನ್ಯಾಯ. ಕರ್ನಾಟಕದಲ್ಲಿ 2004-06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಮಧ್ಯರಾತ್ರಿಯಲ್ಲಿ ಆಂಬುಲೆನ್ಸು ಹುಡುಕಿದ ನರ್ಸಮ್ಮಂದಿರ, ಆಶಾ ಕಾರ್ಯಕರ್ತೆಯರ ಬೆವರು ಅದರಲ್ಲಿದೆ. ಆದರೆ ಅದೇ 2018-20ರಲ್ಲಿ ಕೇರಳದ ಅಂಕಿ 19. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಲೈನಿನ ಮೇಲೆ ಸಂಶಯ ಬಂದು ರಾಜ್ಯ ಸರಕಾರ ಒಂದು ಕಂಪೆನಿಯ ಸಲೈನಿನ ಬಳಕೆ ತಡೆಯಿತು, ಒಬ್ಬ ಮೇಲಧಿಕಾರಿಯನ್ನು ಅಮಾನತು ಮಾಡಿತು. ತಪ್ಪು ಮಾಡಿದವರಿಗೆ, ಅದರಲ್ಲೂ ಲಾಭಕ್ಕಾಗಿ ಮಾಡಿದವರಿಗೆ, ಶಿಕ್ಷೆಯಾಗಲಿ. ಆದರೆ ನಾವು ಕೇಳುವ ಪ್ರಶ್ನೆ ಬೇರೆ: ಮೊದಲನೆಯ ಬಾಣಂತಿ ಸತ್ತಾಗ, ‘ಈ ಬಾಟಲಿಯ ಮೇಲೆ ನನಗೆ ಅನುಮಾನ’ ಎಂದು ವಾರ್ಡಿನ ನರ್ಸು ಅದೇ ದಿನ ಬರೆದು ಕಳಿಸಿದರೆ, ಅದೇ ದಿನ ಓದಿ ಉಳಿದ ಬಾಟಲಿಗಳನ್ನು ತಡೆಯುವ ಏರ್ಪಾಡು ನಮ್ಮ ಯಾವ ಆಸ್ಪತ್ರೆಯಲ್ಲಿದೆ? ತಾಯಂದಿರ ಪ್ರತಿಯೊಂದು ಸಾವನ್ನೂ ಪರಿಶೀಲಿಸಬೇಕೆಂದು, ಆ ಪರಿಶೀಲನೆ ಯಾರ ಮೇಲಾದರೂ ತಪ್ಪು ಹೊರಿಸುವುದಕ್ಕಲ್ಲವೆಂದು ಕೇಂದ್ರದ 2010ರ ಕೈಪಿಡಿಯೇ ಹೇಳುತ್ತದೆ. ಕಾಗದದ ಮೇಲಿನ ಈ ಒಳ್ಳೆಯ ಮಾತು ಜಿಲ್ಲೆಗೆ ಬರುವಾಗ ನೋಟೀಸಾಗಿ ಬದಲಾಗುತ್ತದೆ. ನೋಟೀಸು ಬರುವುದೆಂದು ಗೊತ್ತಿರುವವರು ಕೇಸು ಕೈಮೀರುವ ಮೊದಲೇ ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆದು ಕೈತೊಳೆಯುತ್ತಾರೆ. ಸಾವು ದಾರಿಯಲ್ಲಿ ಆಗುತ್ತದೆ, ರಿಜಿಸ್ಟರು ಶುಭ್ರವಾಗಿರುತ್ತದೆ.

ನಿಜ ಹೇಳುವ ಧೈರ್ಯ ಹೊಟ್ಟೆಯ ಪ್ರಶ್ನೆಯೂ ಹೌದು. 2025ರ ಜನವರಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಹೋರಾಡಿದ್ದು ಏತಕ್ಕೆ? ತಿಂಗಳಿಗೊಂದು ನಿಗದಿತ ಮೊತ್ತ ಖಚಿತವಾಗಿ ಕೈಗೆ ಬರಲಿ ಎಂದು. ಎಷ್ಟು ನಮೂದು ಮಾಡಿದರೆ ಅಷ್ಟು ದುಡ್ಡು ಎಂಬ ಲೆಕ್ಕದಲ್ಲಿ ದುಡಿಸಿಕೊಂಡು, ಅದೇ ಹೆಂಗಸಿನಿಂದ ‘ನನ್ನ ಬೀದಿಯಲ್ಲಿ ಇಷ್ಟು ಮಕ್ಕಳು ತಪ್ಪಿಹೋಗಿವೆ’ ಎಂಬ ನಿಜವನ್ನು ಅಪೇಕ್ಷಿಸುವುದು ಯಾವ ನ್ಯಾಯ? ಆರೋಗ್ಯ ಇಲಾಖೆಯ ಗುಣಮಟ್ಟ ಸುಧಾರಿಸಬೇಕೆನ್ನುವ ಮಹಾಶಯರು ಮೊದಲು ಗುತ್ತಿಗೆಯ ಪದ್ಧತಿಯ ಬಗ್ಗೆ ಬಾಯಿ ತೆರೆಯಲಿ.

ಸಣ್ಣ ವ್ಯಾಪಾರಿಗಳಿಗೂ ಒಂದು ಮಾತಿದೆ. ಹೋಟೆಲು, ಖಾನಾವಳಿ, ಚಹದಂಗಡಿ ನಡೆಸುವವರಿಗೆ ಆರೋಗ್ಯ ಇಲಾಖೆಯೆಂದರೆ ಹಬ್ಬದ ಮುಂಚೆ ಬರುವ ಇನ್ಸ್‌ಪೆಕ್ಟರು. ಆತನಿಗೆ ಏನು ಬೇಕೆಂದು ನಿಮಗೆ ಗೊತ್ತು, ನಾವು ಬಿಡಿಸಿ ಹೇಳುವುದಿಲ್ಲ. ಆದರೆ ನಿಮ್ಮ ಗಿರಾಕಿಗೆ ಕಾಯಿಲೆ ಬಂದಾಗ ನಿಮ್ಮ ಅಂಗಡಿಗೆ ಬೀಗ ಬೀಳುತ್ತದೆ; ನಿಮ್ಮ ಡ್ರಮ್ಮಿಗೆ ನೀರು ಕೊಟ್ಟ ಪೈಪಿಗೆ ಬೀಗ ಬೀಳುವುದಿಲ್ಲ. ನಿಮ್ಮ ಅಂಗಡಿಯ ಮುಂದಿನ ನಲ್ಲಿಯ ಅಳತೆ ಊರಿಗೆಲ್ಲ ಗೊತ್ತಿರುವುದು ನಿಮ್ಮ ರಕ್ಷಣೆಗೂ ಬೇಕು. ಅದೇ ವೇಳೆ, ಲೋಟ ಅದ್ದಿ ತೆಗೆಯುವ ಬಕೆಟ್ಟಿನ ನೀರನ್ನು ಬೆಳಗಿನಿಂದ ಸಂಜೆಯ ತನಕ ಬದಲಾಯಿಸದವರೂ ನಮ್ಮಲ್ಲೇ ಇದ್ದಾರೆ. ಅದನ್ನು ಬಲ್ಲವರು ಬಲ್ಲರು.

ನಮ್ಮ ಒತ್ತಾಯ ಹೆಚ್ಚಿನದೇನಲ್ಲ. ಪ್ರತಿ ವಾರ್ಡಿನ ಕೊನೆಯ ನಲ್ಲಿಯ ಅಳತೆಯನ್ನು ಪುರಸಭೆ ತನ್ನ ಬಾಗಿಲ ಬೋರ್ಡಿನ ಮೇಲೆ, ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ, ನೀರು ಬಿಟ್ಟ ದಿನವೇ ಬರೆಯಲಿ. ಕೆಟ್ಟ ಅಂಕಿ ಬರೆದ ನೌಕರನಿಗೆ ನೋಟೀಸು ಕೊಡಬಾರದು; ಕೆಟ್ಟ ಅಂಕಿ ಕಂಡೂ ಎರಡನೆಯ ಸಲ ಸುಮ್ಮನಿದ್ದ ಅಧಿಕಾರಿಗೆ ಕೊಡಬೇಕು. ಆರೋಗ್ಯ ರಕ್ಷಾ ಸಮಿತಿಯ ಸಭೆಗಳಲ್ಲಿ ನೀರುಗಂಟಿ, ಪೌರಕಾರ್ಮಿಕ, ಆಶಾ ಕಾರ್ಯಕರ್ತೆ ಇವರನ್ನು ಬಾಗಿಲ ಹೊರಗೆ ನಿಲ್ಲಿಸದೆ ಕುರ್ಚಿ ಕೊಟ್ಟು ಮೊದಲು ಮಾತನಾಡಿಸಲಿ. ಇದರಲ್ಲಿ ಹೆಚ್ಚು ಖರ್ಚೂ ಇಲ್ಲ. ಆದ್ದರಿಂದಲೇ ಇದಕ್ಕೆ ಟೆಂಡರು ಕರೆಯಲಾಗುವುದಿಲ್ಲ, ಆದ್ದರಿಂದಲೇ ಇಷ್ಟು ದಿನ ಆಗಿಲ್ಲ.

ಪುರಸಭೆ ಆರಂಭಿಸುವ ತನಕ ನಾವು ಕಾಯುವುದಿಲ್ಲ. ಮಿಲ್ಲಿನ ಹಿಂದಿನ ಸಾಲು, ಸಂತೆಪೇಟೆ, ಕೆಳಗಿನ ಕೇರಿ ಈ ಮೂರು ಕಡೆಯ ಕೊನೆಯ ನಲ್ಲಿಗಳನ್ನು ಆರಿಸಿದ್ದೇವೆ. ಬಣ್ಣ ನೋಡುವ ಪೆಟ್ಟಿಗೆಯನ್ನು ಯೂನಿಯನ್ನಿನ ಖರ್ಚಿನಲ್ಲಿ ಕೊಳ್ಳುತ್ತೇವೆ. ನೀರು ಬಿಟ್ಟ ಹತ್ತು ನಿಮಿಷಕ್ಕೆ ಒಮ್ಮೆ, ನಿಲ್ಲಿಸುವ ಮುನ್ನ ಒಮ್ಮೆ ಅಳೆದು ಬರೆಯಬೇಕು. ಕಂಡದ್ದನ್ನೇ ಬರೆಯಬೇಕು, ಅಳೆಯದ ದಿನ ಖಾಲಿ ಬಿಡಬೇಕು. ವಾರಕ್ಕೊಮ್ಮೆ ಒಂದು ಪ್ರತಿ ಪುರಸಭೆಯ ಆರೋಗ್ಯಾಧಿಕಾರಿಗೆ, ಇನ್ನೊಂದು ಈ ಪತ್ರಿಕೆಗೆ. ನೀರುಗಂಟಿಯ ಹೆಸರನ್ನು ಎಲ್ಲೂ ಬರೆಯಕೂಡದು. ಒಂದು ನಲ್ಲಿಗೆ ಇಬ್ಬರಂತೆ ಆರು ಜನ ಬೇಕು. ಅವರಲ್ಲಿ ಮೂವರಾದರೂ ಹೆಣ್ಣುಮಕ್ಕಳಿರಲಿ, ಏಕೆಂದರೆ ನೀರು ಬಂದ ಹೊತ್ತಿನಲ್ಲಿ ನಲ್ಲಿಯ ಬಳಿ ಇರುವವರು ಅವರೇ. ಪುಸ್ತಕ ಯೂನಿಯನ್ ಕಚೇರಿಯಲ್ಲಿದೆ, ಸಭೆ ಮುಗಿದ ಮೇಲೆ ಅಲ್ಲಿಯೇ ಹೆಸರು ಬರೆಸಬಹುದು.